ವಿಮೆಗೆ ಬರೆದ ಸಾಮಾನು ಪಟ್ಟಿ

ಅಂದು ಬೆಳಿಗ್ಗೆಯೂ ಎಂದಿನಂತೆ ಬೀದಿ ನಲ್ಲಿಯಲ್ಲಿ ಎರಡು ಕೊಡ ನೀರು ಹಿಡಿದು, ಬಾಗಿಲಿಗೆ ರಂಗೋಲಿ ಎಳೆದು, ಡಿಕಾಕ್ಷನ್ ಇಳಿಸಿ, ಯಜಮಾನರ ಡಬ್ಬಿಗೆ ಉಪ್ಪಿಟ್ಟು ತುಂಬಿದೆ. ಐವತ್ತರ ದಶಕದ ಮಾತು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ರಾಜಾಜಿನಗರದಲ್ಲಿ ನಮ್ಮದು ಒಂದೇ ಹೆಂಚಿನ ಸೂರಿನ ಕೆಳಗಿನ ನಾಲ್ಕು ಮನೆಗಳ ಸಾಲು. ಹಿಂದಿನ ವಾರ ಮಾಗಡಿ ರಸ್ತೆಯಲ್ಲಿ ಒಂದು ಸೌದೆ ಡಿಪೋ ಹೊತ್ತಿಕೊಂಡಾಗಿನಿಂದ ಯಜಮಾನರಿಗೆ ನೆಮ್ಮದಿಯಿರಲಿಲ್ಲ. ಸೈಕಲ್ ಹತ್ತುವ ಮುನ್ನ ನನ್ನ ಕೈಗೊಂದು ಅರ್ಜಿ ಇಟ್ಟರು.

“ಗೋಡೆ, ಹೆಂಚು ಓನರ್ ಪಾಡು. ಒಳಗಿನ ಸಾಮಾನು ನಮ್ಮ ಪಾಡು. ಬೆಂಕಿಗೆ ಮಾತ್ರ ವಿಮೆ ಮಾಡ್ಸೋಣ್ವೋ, ಕಳ್ಳತನಕ್ಕೂ ಸೇರಿಸೋಣ್ವೋ, ನೀನೇ ಯೋಚ್ನೆ ಮಾಡು. ಸಾಮಾನಿನ ಪಟ್ಟಿ ಬರೆದಿಡು, ಮಧ್ಯಾಹ್ನ ಏಜೆಂಟ್ ಬರ್ತಾರೆ.”

ಇಂಗ್ಲಿಷ್ ಅರ್ಜಿಯೆಂದರೆ ನನಗೆ ಸಣ್ಣ ಜಂಬ. ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೆಳೆದವಳು. ಸ್ಕೇಲಿಟ್ಟು ಗೆರೆ ಎಳೆಯದೆ ಅಗಸರ ಚೀಟಿಯನ್ನೂ ಬರೆದವಳಲ್ಲ. ಆದರೆ ಸಾರಿನ ಹದ ಯಾವ ಸಿಸ್ಟರೂ ಹೇಳಿಕೊಟ್ಟಿರಲಿಲ್ಲ. ಅಮ್ಮನಿಲ್ಲದ ನನಗೆ ಅದನ್ನು ಕಲಿಸಿದವರು ಪಕ್ಕದ ಮನೆಯ ಗೌರಮ್ಮನವರು. ಈ ಊರಿನಲ್ಲಿ ನನ್ನವರು ಎನ್ನಲು ಇದ್ದದ್ದು ಅವರೊಬ್ಬರೇ.

ಏಜೆಂಟರು ಬಂದು ಅಡುಗೆಮನೆಗೆ ಕಣ್ಣು ಹಾಯಿಸಿದರು. “ಇದೆಲ್ಲ ನಿಮ್ದೇನಮ್ಮಾ?”

ಒಂದೊಂದಾಗಿ ಹೇಳಿದೆ. ಇಡ್ಲಿ ಪಾತ್ರೆ ಗೌರಮ್ಮನವರದು. ಚಕ್ಕುಲಿ ಒರಳು ಮೂರನೆಯ ಮನೆಯದು. ನನ್ನ ಹಿತ್ತಾಳೆ ಕೊಳಗ ಗೌರಮ್ಮನವರ ಒಲೆಯ ಪಕ್ಕದಲ್ಲಿ. ಮದುವೆಗೆ ಬಂದ ಜಮಖಾನ ಕೊನೆಯ ಮನೆಯ ಬಾಣಂತಿಯ ಕೆಳಗೆ.

“ಬೇರೆಯವರದ್ದು ಬರೆಯೋಕಾಗಲ್ಲ. ಕಳ್ಳತನಕ್ಕೂ ಬೇಕಂದ್ರೆ ಬಾಗಿಲಿಗೆ ಬೀಗ ಇರ್ಬೇಕು. ಹಾಕ್ತೀರಾ?”

“ಹಾಕಿದ್ರೆ ಗೌರಮ್ಮನವರು ಹೇಗೆ ಒಳಗೆ ಬರ್ತಾರೆ?”

ಅವರು ನಕ್ಕರು. ಬೆಂಕಿಗೆ ಮಾತ್ರ ಎಂದು ಗುರುತು ಹಾಕಿದೆ. ಪಟ್ಟಿ ಸರಿಮಾಡಿಡಿ, ನಾಳೆ ಬರುತ್ತೇನೆ ಎಂದು ಹೊರಟರು.

ಪಟ್ಟಿಯಲ್ಲಿ ಒಂದು ಸುಳ್ಳೂ ಇರಬಾರದೆಂದು ನನ್ನ ಹಟ. ಸಂಜೆಯೊಳಗೆ ಅವರಿವರ ಪಾತ್ರೆಗಳನ್ನೆಲ್ಲ ಬೆಳಗಿ ಹಿಂದಿರುಗಿಸಿ, ನನ್ನವನ್ನು ಕೇಳಿ ತಂದೆ. ಬಾಣಂತಿಯನ್ನು ಏಳಿಸಲು ಮಾತ್ರ ಮನಸ್ಸು ಬರಲಿಲ್ಲ. ನಮ್ಮ ಸಾಲಿನಲ್ಲಿ ಯಾವ ಪಾತ್ರೆಯೂ ಬರಿದಾಗಿ ವಾಪಸ್ ಹೋಗುತ್ತಿರಲಿಲ್ಲ. ಒಂದು ಚಿಟಿಕೆ ಸಕ್ಕರೆಯಾದರೂ ಹಾಕುವುದು ಪದ್ಧತಿ. ಗಡಿಬಿಡಿಯಲ್ಲಿ ಮರೆತೆ. ಗೌರಮ್ಮನವರು ಬರಿಯ ಇಡ್ಲಿ ಪಾತ್ರೆಯೊಳಗೆ ಒಮ್ಮೆ ಇಣುಕಿದರು. ಆಮೇಲೆ ಕೊಳಗದಲ್ಲಿದ್ದ ಸಾರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ತೊಳೆದು, ಸೆರಗಿನಿಂದಲೇ ಒರೆಸಿ ಕೊಟ್ಟರು. ಕೂಡಲೇ ಒಲೆಯ ಕಡೆ ತಿರುಗಿದರು. ಕೆಲಸದ ಅವಸರವೇನೋ ಅಂದುಕೊಂಡೆ.

ಈಗ ನೋಡಿ, ನನ್ನ ಮನೆಯಲ್ಲಿ ಇರುವುದೆಲ್ಲ ನನ್ನದೇ. ಪಟ್ಟಿ ಮಾಡುವುದು ಹತ್ತು ನಿಮಿಷದ ಕೆಲಸ. ನನ್ನ ಒಂದು ಲೋಟವಾದರೂ ಯಾರದೋ ಅಡುಗೆಮನೆಯಲ್ಲಿ ಇರಬಾರದಿತ್ತೇ ಎಂದು ಮಧ್ಯಾಹ್ನದ ಹೊತ್ತು ಅನಿಸುತ್ತದೆ.

ಅಂದು ಸಂಜೆ ದೇವರಿಗೆ ದೀಪ ಹಚ್ಚಿ ಹೊರಗೆ ಬಂದೆ. ಗೌರಮ್ಮನವರು ಜಗಲಿಯಲ್ಲಿ ಹೂ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

“ಮನೆ ಖಾಲಿ ಮಾಡೋದು ಯಾವತ್ತು ಕಣೇ? ಹಿಂದಿನ್ ದಿನಾನೇ ಹೇಳ್ಬಿಡು,” ಎಂದರು, ಬಾಳೆನಾರಿನ ತುದಿಯನ್ನು ಹಲ್ಲಿನಿಂದ ಕಡಿಯುತ್ತ. “ದಾರಿಗೆ ಪುಳಿಯೋಗರೆ ಕಲಸಿಕೊಡ್ತೀನಿ.”