ಬಡಿದು ಗಟ್ಟಿ ಮಾಡಿದ ಮಡಿ

ಗಜೇಂದ್ರಗಡದ ಆ ಇಳಿಜಾರು ಓಣಿಯವರಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಅವರನ್ನು ಕಂಡರೆ ನನಗೂ ಮೈ ಉರಿಯುತ್ತಿತ್ತು. ಎರಡು ಸಾವಿರದ ದಶಕದ ನಡುವಿನ ಮಾತು. ಓದು ಮುಗಿಸಿ ಬಂದ ಹೊಸ ಇಂಜಿನಿಯರ್ ನಾನು. ಓಣಿಯ ಮಳೆನೀರು ಕೆರೆಗೆ ಸೇರುವ ಮೊದಲು ಅದನ್ನು ಸೋಸುವ ಗಿಡದ ಮಡಿಯೊಂದನ್ನು ಮಾಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ತಗ್ಗು ತೋಡಿ ತಳಕ್ಕೆ ಖಡಿಕಲ್ಲು, ತೂತಿನ ಪೈಪು, ಮೇಲೆ ಉಸುಕು-ಗೊಬ್ಬರ ಬೆರೆಸಿದ ಸಡಿಲ ಮಣ್ಣು. ಮಳೆ ಹಿಡಿದ ಮೇಲೆ ಅದರಲ್ಲಿ ಗಿಡ. ನೀರು ಇಂಗಬೇಕು, ಹೊಲಸು ಮಣ್ಣಲ್ಲೇ ಉಳಿಯಬೇಕು. ಕಂಪ್ಯೂಟರಿನಲ್ಲಿ ಮಾದರಿ ಮಾಡಿ, ಎಂಥೆಂಥ ಮಳೆ ಸುರಿಸಿ ನೋಡಿದ್ದೆ. ಪರದೆಯ ಮೇಲೆ ಒಮ್ಮೆಯೂ ಮಡಿ ತುಂಬಿ ಹರಿಯಲಿಲ್ಲ.

ಓಣಿಯ ಕೊನೆಯ ತಗ್ಗಿನ ಮನೆ, ಮನೆ ಕಟ್ಟುವ ಗೌಂಡಿಯೊಬ್ಬನದು. ಅವನ ಹೆಂಡತಿ ಸೀರೆ ನೇಯುತ್ತಿದ್ದಳು. ಕಾಲು ಇಳಿಬಿಟ್ಟು ಕೂರುವ ಗುಂಡಿಯ ಮಗ್ಗ. ದೊಡ್ಡ ಮಳೆ ಬಂದರೆ ಗಟಾರದ ನೀರು ಆ ಗುಂಡಿಗೇ.

"ಈ ಸಲ ಮಗ್ಗಕ್ಕ ನೀರ ಬಂದ್ರ ನಾ ಸುಮ್ನಿರಂಗಿಲ್ರಿ," ಎಂದು ಮುಖಕ್ಕೇ ಹೇಳಿದಳು. ಬರುವುದಿಲ್ಲ ಎಂದು ಜಂಬದಿಂದ ಮಾತು ಕೊಟ್ಟೆ.

ಕೆಲಸವನ್ನು ಗೌಂಡಿಗೇ ಒಪ್ಪಿಸಿದೆ. ಹನಿ ನೀರೂ ಸೋರದಂತೆ ಮಣ್ಣು ಹಾಕಿ ಬಡಿದು ಮಾಡುವ ಮಾಳಿಗೆ ಇಲ್ಲಿನ ಮನೆಗಳ ಚಾವಣಿ; ಊರಿನ ಎಷ್ಟೋ ಮಾಳಿಗೆಗಳಿಗೆ ಅವನದೇ ಕೈ. ನನ್ನ ಬಾಡಿಗೆ ಕೋಣೆಯ ಮಾಳಿಗೆಯನ್ನೂ ಆ ಬೇಸಿಗೆಯಲ್ಲಿ ಅವನೇ ಬಡಿದಿದ್ದ. ಅಳತೆ ಕೊಟ್ಟೆ, ಮಣ್ಣು ಬೆರೆಸುವ ಪ್ರಮಾಣ ಕೊಟ್ಟೆ. ಯಾಕೆಂದು ಮಾತ್ರ ಹೇಳಲಿಲ್ಲ. ಗೌಂಡಿಗೆ ಯಾಕೆ ಬೇಕು ಆ ಪುರಾಣ ಎಂಬ ಸೊಕ್ಕು ನನಗೆ. ಅವನು ಕೆಲಸ ಮುಗಿಸುವಾಗ ನಾನು ಆಫೀಸಿನಲ್ಲಿ ಕೂತು, ಮೇಲಿನವರಿಗೆ ತೋರಿಸಲು ನಕ್ಷೆಗೆ ಬಣ್ಣ ತುಂಬುತ್ತಿದ್ದೆ.

ಮೊದಲ ದೊಡ್ಡ ಮಳೆ ಮಧ್ಯಾಹ್ನ ಬಂತು. ಇಡೀ ಓಣಿಯ ನೀರನ್ನು ನಾನೇ ಮಡಿಯ ಕಡೆ ತಿರುಗಿಸಿದ್ದೆ. ಮಡಿ ಒಂದು ಗುಟುಕೂ ಕುಡಿಯಲಿಲ್ಲ. ನೀರು ಅಂಚು ದಾಟಿ ನೆಟ್ಟಗೆ ಗೌಂಡಿಯ ಮನೆಗೆ ನುಗ್ಗಿತು. ನಾನು ಓಡಿಹೋಗುವಷ್ಟರಲ್ಲಿ ಮಗ್ಗದ ಗುಂಡಿ ತುಂಬಿ, ಅರ್ಧ ನೇಯ್ದ ಸೀರೆ ಕೆಸರಲ್ಲಿ ತೊಯ್ದಿತ್ತು.

ಗೌಂಡಿಯ ಕೈಯ ಗುದ್ದಲಿ ಕಸಿದುಕೊಂಡು ಮಡಿಯನ್ನು ಅಗೆದೆ. ಮೇಲೆ ಗೇಣು ದಪ್ಪ ಮಣ್ಣು ಕಲ್ಲಾಗಿತ್ತು. ಅದರ ಕೆಳಗೆ ಉಸುಕು ಒಣಗಿಯೇ ಇತ್ತು.

"ಯಾರ್ ಬಡಿ ಅಂದ್ರು ನಿನಗ ಇದನ್ನ?" ಓಣಿಯೆಲ್ಲ ಕೇಳುವಂತೆ ಕೂಗಿದೆ.

ಗೌಂಡಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. "ಬಡೀದ ಹ್ಯಾಂಗ ಬಿಡೂದ್ರಿ ಸಾಹೇಬ್ರ? ನಮ್ಮನಿ ಮುಂದಿನ ಕೆಲಸ ಅಂತ ಮ್ಯಾಲ ಮಾಳಗಿ ಮಣ್ಣ ಹಾಕಿ ಮೂರ ದಿನಾ ಬಡದ ಬಡದ ದಮ್ಮಸ ಮಾಡೇನಿ. ಒಂದ ಹನಿ ಕೆಳಗ ಬಿಟ್ಟಿಲ್ಲ, ನೋಡ್ರಿ ಬೇಕಾರ."

"ಕೆಳಗ ಬಿಡಬೇಕಿತ್ತೋ ಮಾರಾಯಾ!"

"ಹಂಗಂತ ಹೇಳಿದ್ರೇನ್ರಿ?"

ಅಷ್ಟರಲ್ಲಿ ಅವನ ಹೆಂಡತಿ, ಮಗ್ಗದಿಂದ ಕತ್ತರಿಸಿದ ಸೀರೆ ಹಿಡಿದು ಹೊರಗೆ ಬಂದಳು. "ಕುಣೀಲಾರದಾಕಿ ನೆಲಾ ಡೊಂಕ ಅಂದಿದ್ಲಂತ. ನಡೀರಿ ಇಲ್ಲಿಂದ!" ಎಂದಳು. ಓಣಿ ನಕ್ಕಿತು. ಅವಳು ಹೇಳಿದ್ದು ಖರೆ ಎಂದು ಗೊತ್ತಿದ್ದಕ್ಕೇ ನನಗೆ ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಕೋಣೆಗೆ ಬಂದು ವರದಿ ಬರೆದೆ. ಕೆಲಸಗಾರನ ಅಜ್ಞಾನದಿಂದ ಕೆಲಸ ಕೆಟ್ಟಿತು ಎಂದು ಬರೆದೆ. ಮೇಲಿನವರು ಒಪ್ಪಿದರು. ಅವನನ್ನು ನಮ್ಮ ಆಫೀಸಿನ ಕೆಲಸಕ್ಕೆ ಮತ್ತೆ ಯಾರೂ ಕರೆಯಲಿಲ್ಲ. ನಾನೂ ಅವನ ಪರವಾಗಿ ಒಂದು ಮಾತು ಆಡಲಿಲ್ಲ.

ವರದಿ ಬರೆಯುವಾಗ ಹೊರಗೆ ಮಳೆ ಇನ್ನೂ ಹೊಡೆಯುತ್ತಿತ್ತು. ಅವನು ಬಡಿದ ಮಾಳಿಗೆಯ ಕೆಳಗೆ ಕೂತಿದ್ದೆ. ಕಾಗದದ ಮೇಲೆ ಒಂದು ಹನಿಯೂ ಬೀಳಲಿಲ್ಲ.