ಫೈಲಕಾ ದ್ವೀಪದ ತಣ್ಣನೆಯ ಕಲ್ಲು

ದೆವ್ವ, ಪವಾಡ, ಕನಸಿನಲ್ಲಿ ಬಂದು ಮಾತಾಡಿದ ಹಿರಿಯರು, ಇಂಥ ಕಥೆಯನ್ನು ಯಾರಾದರೂ ಶುರು ಮಾಡಿದರೆ ಕಾಫಿ ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದವನು ನಾನು. ಮೇಲಾಗಿ ನನ್ನ ಕಸುಬು ಏಸಿಯದು. ಕುವೈತ್ ಸಿಟಿಯ ಕಚೇರಿ ಕಟ್ಟಡಗಳನ್ನು ತಂಪಾಗಿಡುವ ಯಂತ್ರಗಳ ಇಂಜಿನಿಯರ್. ಎಲ್ಲಿಂದಲೋ ತಂಪು ಬಂತು ಎಂದು ಯಾರಾದರೂ ಹೇಳಿದರೆ, ಎಲ್ಲಿಂದ ಬಂತೆಂದು ಕೊಳವೆ ಹುಡುಕುತ್ತಾ ಹೋಗುವುದು ನನಗೆ ಅಭ್ಯಾಸ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಮಗೆ ಹುಟ್ಟಿದ ಹೆಣ್ಣುಮಗು ಒಂದು ದಿನವೂ ಪೂರ್ತಿ ಉಳಿಯಲಿಲ್ಲ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ನನ್ನ ಹೆಂಡತಿ ಸುಮಾ ಐಸಿಯುನಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಅವಳು ಕಣ್ಣು ಬಿಡುವಷ್ಟರಲ್ಲಿ ನಾನು ಮಗುವನ್ನು ಮಣ್ಣು ಮಾಡಿ ಬಂದಾಗಿತ್ತು. ನಾಮಕರಣವಾಗದ ಮಗು. ಕರೆದು ಅಳಲು ಒಂದು ಹೆಸರೂ ಇರಲಿಲ್ಲ. ಮೈಸೂರಿನಿಂದ ಬಾಣಂತನಕ್ಕೆ ಬಂದಿದ್ದ ಅವಳ ತಾಯಿ, ಹಸಿ ಮೈಯವಳ ಎದುರು ಆ ಮಾತೇ ಎತ್ತಬೇಡಿ ಎಂದರು. ಅವರು ಊರಿಗೆ ಹೊರಟುಹೋದ ಮೇಲೂ ಯಾರೂ ಆ ಮಾತೆತ್ತಲಿಲ್ಲ.

ಮೈದಾನ್ ಹವಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಊಟ ಆಯ್ತಾ, ಹಾಲು ತಂದ್ರಾ ಎನ್ನುವುದರಾಚೆಗೆ ಮಾತೇ ನಿಂತುಹೋಯಿತು. ಸುಮಾ ಅಳಲಿಲ್ಲ, ಏನೂ ಕೇಳಲಿಲ್ಲ. ಒಂಬತ್ತು ತಿಂಗಳು ಹೊತ್ತವಳು ಅವಳು, ನಮ್ಮಿಬ್ಬರಲ್ಲಿ ಮಗುವಿನ ಮುಖ ಕಂಡವನು ನಾನೊಬ್ಬನೇ. ಹೀಗೇ ಮುಂದುವರಿದರೆ ಇವಳು ಮನೆಯಲ್ಲಿದ್ದೂ ನನ್ನ ಕೈತಪ್ಪಿ ಹೋಗುತ್ತಾಳೆ ಎಂದು ನನಗೆ ನಿಜಕ್ಕೂ ಭಯವಾಗಿತ್ತು.

ಎಲ್ಲಾದರೂ ಸುತ್ತಾಡಿಸಿಕೊಂಡು ಬಾ ಎಂದು ಆಫೀಸಿನ ಗೆಳೆಯನೊಬ್ಬ ಫೈಲಕಾ ದ್ವೀಪಕ್ಕೆ ಏರ್ಪಾಡು ಮಾಡಿಕೊಟ್ಟ. ಅಲ್ಲಿ ಗ್ರೀಕರ ಕಾಲದ ಅವಶೇಷಗಳಿವೆ ಎಂದ. ಕುವೈತಿನಲ್ಲಿ ಗ್ರೀಕರೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅಲೆಕ್ಸಾಂಡರನ ನಂತರದ ದಿನಗಳಲ್ಲಿ ಅವರು ಆ ದ್ವೀಪವನ್ನು ಇಕಾರೋಸ್ ಎಂದು ಕರೆದು, ಕೋಟೆ ಕಟ್ಟಿಕೊಂಡು ಬಾಳಿದ್ದರಂತೆ. ನಮ್ಮಿಬ್ಬರಿಗೆಂದೇ ಒಬ್ಬ ಗೈಡ್ ಗೊತ್ತಾದರು. ಸಮೀರ್ ಎಂದು ಹೆಸರು, ಸಿರಿಯಾದವರು, ಮೊದಲು ಇತಿಹಾಸದ ಮೇಷ್ಟರಾಗಿದ್ದವರು. ಒಂದು ಶುಕ್ರವಾರ ಬೆಳಿಗ್ಗೆ ಅವರೊಂದಿಗೆ ದೋಣಿ ಹತ್ತಿದೆವು. ಬೇಸಿಗೆ ಆಗಲೇ ಕಾಲಿಟ್ಟಿತ್ತು.

ನಿಜ ಹೇಳಬೇಕೆಂದರೆ, ಅರಮನೆ ನೋಡಿಕೊಂಡು ಬೆಳೆದ ಮೈಸೂರಿನವನಿಗೆ ಆ ಜಾಗ ಪಾಯ ಹಾಕಿ ಅರ್ಧಕ್ಕೆ ನಿಲ್ಲಿಸಿದ ಸೈಟಿನಂತೆ ಕಂಡಿತು. ಮೊಣಕಾಲೆತ್ತರದ ಗೋಡೆಗಳು, ಮರಳು, ಅಷ್ಟೇ. ಸಮೀರ್ ಮಾತ್ರ ಅಲ್ಲಿ ಬಾಗಿಲಿತ್ತು, ಇಲ್ಲಿ ಬುರುಜಿತ್ತು ಎಂದು ಉತ್ಸಾಹದಿಂದ ಇಂಗ್ಲಿಷಿನಲ್ಲಿ ವಿವರಿಸುತ್ತಲೇ ಇದ್ದರು. ಸುಮಾ ಕೊಡೆ ಹಿಡಿದು ಹಿಂದೆ ಬರುತ್ತಿದ್ದಳು, ಕೇಳಿಸಿಕೊಳ್ಳುತ್ತಿದ್ದಳೋ ಇಲ್ಲವೋ ತಿಳಿಯುತ್ತಿರಲಿಲ್ಲ.

ನಡು ಮಧ್ಯಾಹ್ನದ ಹೊತ್ತಿಗೆ ಒಂದು ಪುಟ್ಟ ಗುಡಿಯ ಅಡಿಪಾಯದ ಮುಂದೆ ನಿಂತೆವು. ಎರಡು ಕಂಬಗಳ ಬುಡ, ಎದುರಿಗೆ ಬಲಿಪೀಠದ ಕಲ್ಲುಗಳು. ಯಾವ ದೇವರದೆಂದು ಖಚಿತವಿಲ್ಲ, ಆರ್ಟೆಮಿಸ್ ದೇವಿಯದು ಎನ್ನುವವರಿದ್ದಾರೆ, ಹೆರಿಗೆಯಲ್ಲಿ ಹೆಂಗಸರನ್ನು ಕಾಯುವವಳು ಅವಳೇ ಎಂದರು ಸಮೀರ್. ಪಾಪ, ನಮ್ಮ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಬೇರೇನಾದರೂ ಕೇಳಿ ಮಾತು ತಿರುಗಿಸೋಣವೆಂದು ನೋಡಿದರೆ, ಸುಮಾ ಕೊಡೆ ಮಡಿಸಿಟ್ಟು ಚಪ್ಪಲಿ ಬಿಡುತ್ತಿದ್ದಳು.

“ಕಾಲು ಸುಟ್ಟುಹೋಗುತ್ತೆ ಕಣೇ, ಹಾಕ್ಕೋ,” ಎಂದೆ.

“ದೇವಸ್ಥಾನ ಅಂದ್ರಲ್ಲ. ಚಪ್ಪಲಿ ಹಾಕ್ಕೊಂಡು ಹೇಗ್ರೀ ಹೋಗೋದು?”

ಸೂರಿಲ್ಲ, ಗರ್ಭಗುಡಿಯಿಲ್ಲ, ವಿಗ್ರಹವಿಲ್ಲ. ಆದರೂ ಅವಳು ನಮ್ಮೂರ ಗುಡಿಗೆ ಹೋಗುವಂತೆಯೇ ಸೆರಗು ಹೊದ್ದು ಒಳಗೆ ನಡೆದಳು. ಪೀಠದ ಬಳಿ ಒಂದು ಚಪ್ಪಡಿಯ ಮೇಲೆ ನಿಂತು ಕಣ್ಣು ಮುಚ್ಚಿದಳು. ಸಮೀರ್ ಗಾಬರಿಯಾಗಿ, ಅವರನ್ನು ಕರೆಯಿರಿ, ಪಾದ ಬೆಂದುಹೋಗುತ್ತದೆ ಎಂದರು. ಪಕ್ಕದ ಕಲ್ಲನ್ನು ಮುಟ್ಟಿ ನೋಡಿದೆ. ಒಲೆಯ ಮೇಲಿನ ಕಾವಲಿಯಂತೆ ಚುರ್ ಎಂದಿತು. ಅವಳು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಕಡೆ ತಿರುಗಿ, “ಇಲ್ಲಿ ತಣ್ಣಗಿದೆ. ಬನ್ನಿ,” ಎಂದಳು.

ಏನೆಂದು ವಾದಿಸಲಿ? ಬೂಟು, ಕಾಲುಚೀಲ ಬಿಚ್ಚಿ, ಸುಡುವ ಕಲ್ಲುಗಳ ಮೇಲೆ ಕುಣಿಯುತ್ತಾ ಹೋಗಿ ಅವಳ ಪಕ್ಕದಲ್ಲಿ ನಿಂತೆ. ಕಲ್ಲು ತಣ್ಣಗಿತ್ತು. ನೆತ್ತಿಯ ಮೇಲೆ ಸೂರ್ಯ, ಎಲ್ಲೂ ನೆರಳಿಲ್ಲ, ಗಾಳಿಯಿಲ್ಲ. ಆದರೂ ಬೆಳಗಿನ ಜಾವ ತೊಳೆದಿಟ್ಟ ಗುಡಿಯ ನೆಲದ ಥಂಡಿ ಅಂಗಾಲಿನಿಂದ ಮೇಲಕ್ಕೆ ಹತ್ತಿತು. ಸಮೀರ್ ಕೂಡ ಬಂದು ಕುಕ್ಕರಗಾಲಲ್ಲಿ ಕೂತು ಅಂಗೈ ಊರಿದರು. ಪಕ್ಕದ ಕಲ್ಲು ಮುಟ್ಟಿ ಥಟ್ಟನೆ ಕೈ ಎಳೆದುಕೊಂಡರು, ಮತ್ತೆ ಇದನ್ನು ಮುಟ್ಟಿದರು. ಬೆಳಗಿನಿಂದ ಬಾಯಿ ಮುಚ್ಚದಿದ್ದ ಮನುಷ್ಯ ಅರಬ್ಬಿಯಲ್ಲಿ ಏನೋ ಗೊಣಗಿಕೊಂಡರು, ಅಷ್ಟೇ. ಆಮೇಲೆ ಮೆಲ್ಲಗೆ, ಯಲ್ಲಾ, ಹೊರಡೋಣ, ದೋಣಿಗೆ ಹೊತ್ತಾಯಿತು ಎಂದರು.

ಹಿಂತಿರುಗುವಾಗ ಇಬ್ಬರೂ ಬರಿಗಾಲಲ್ಲೇ ಅದೇ ಕಲ್ಲುಗಳನ್ನು ದಾಟಿದೆವು. ನನ್ನ ಅಂಗಾಲಿನಲ್ಲಿ ಬೊಬ್ಬೆ ಎದ್ದವು, ಅವಳ ಪಾದಕ್ಕೆ ಏನೂ ಆಗಿರಲಿಲ್ಲ.

ಮುಂದಿನ ತಿಂಗಳು ಆಫೀಸಿನಿಂದ ತಾಪ ಅಳೆಯುವ ಯಂತ್ರ ಹಿಡಿದು, ಸಮೀರರನ್ನು ಕಾಡಿಸಿ ಕರೆದುಕೊಂಡು ಮತ್ತೆ ಹೋದೆ. ಅದೇ ಚಪ್ಪಡಿ ಉಳಿದವುಗಳಷ್ಟೇ ಕಾದಿತ್ತು. ಕೆಳಗೆ ನೀರೇ, ಪೊಳ್ಳೇ ಎಂದು ಯೋಚಿಸಿದೆ. ಹಾಗಿದ್ದರೆ ಅಂದು ಇದ್ದದ್ದು ಇಂದೂ ಇರಬೇಕಿತ್ತು. ನಮ್ಮಿಬ್ಬರದು ದುಃಖದ ಭ್ರಮೆ ಎನ್ನೋಣವೆಂದರೆ ಸಮೀರರಿಗೆ ಯಾವ ದುಃಖ? ಈಗ ಫೋನಿನಲ್ಲಿ ಆ ವಿಷಯ ತೆಗೆದರೆ ಅವರು ಖಲಾಸ್ ಎಂದು ಮಾತು ಮುಗಿಸುತ್ತಾರೆ. ಆ ಕಲ್ಲಿಗೆ ಅಂದು ಏನಾಗಿತ್ತು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಾಗುತ್ತದೆ ಎಂಬ ಆಸೆಯನ್ನೂ ಬಿಟ್ಟಿದ್ದೇನೆ.

ಆ ಮೊದಲ ದಿನ ವಾಪಸ್ ಬರುವ ದೋಣಿಯಲ್ಲಿ ಸುಮಾ ಸಮುದ್ರ ನೋಡುತ್ತಾ ಕೂತಿದ್ದಳು. ದ್ವೀಪ ಕಣ್ಮರೆಯಾಗುವ ಹೊತ್ತಿಗೆ, ಮುಖ ತಿರುಗಿಸದೆ ಕೇಳಿದಳು.

“ರೀ, ಅವಳು ಹೇಗಿದ್ಳು?”

ತಲೆ ತುಂಬ ಕೂದಲಿತ್ತು ಎಂದೆ. ಮೂಗು ನಿನ್ನದೇ, ಬಣ್ಣ ನನ್ನದು ಎಂದೆ. ನರ್ಸ್ ಕೈಗೆ ಕೊಟ್ಟಾಗ ನನ್ನ ಕಿರುಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ ಎಂದೆ. ಸುಮಾ ಅತ್ತಳು. ಅಷ್ಟು ತಿಂಗಳಲ್ಲಿ ಮೊದಲ ಸಲ, ದೋಣಿಯವರು ತಿರುಗಿ ನೋಡುವಷ್ಟು ಜೋರಾಗಿ. ನಾನೂ ಅತ್ತೆ. ಆಮೇಲೆ ಮೂಗು ಒರೆಸಿಕೊಂಡು ನನ್ನ ಹತ್ತಿರಕ್ಕೆ ಸರಿದು ಕೂತಳು.

“ಇನ್ನೊಂದ್ಸಲ ಹೇಳಿ,” ಎಂದಳು. “ಮೊದಲಿಂದ.”

ದಡ ಸೇರುವವರೆಗೂ ಹೇಳುತ್ತಲೇ ಇದ್ದೆ.