ಡಿಸ್ಕಿನ ನಡುವೆ ಕೂತ ಕಡತ

ಕೇಳದವರಿಗೂ ಬುದ್ಧಿ ಹೇಳುವ ಚಟ ನನಗಿದೆ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರು ಹಳೆಯ ಕಂಪ್ಯೂಟರ್ ಕೊಂಡು, ಸರಿ ಮಾಡಿ ಮಾರುವ ಅಂಗಡಿ ನನ್ನದು. ಬರೀ ಮೌಸ್ ಕೊಳ್ಳಲು ಬಂದವರನ್ನೂ ನಿಲ್ಲಿಸಿ ಹೇಳುತ್ತೇನೆ: ಹಾರ್ಡ್ ಡಿಸ್ಕನ್ನು ಎರಡು ಭಾಗ ಮಾಡಿಸುವುದಿದ್ದರೆ ಮೊದಲು ಒಳಗಿದ್ದದ್ದನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ, ಬ್ಯಾಟರಿ ತುಂಬಿರಲಿ, ಕೆಲಸ ಮುಗಿಯುವ ತನಕ ಯಂತ್ರ ಮುಟ್ಟಬೇಡಿ. ಹೇಳುವಾಗ ನನ್ನ ದನಿ ಸಾಲಿ ಮಾಸ್ತರರದ್ದಾಗುತ್ತದೆ. ಈ ಬುದ್ಧಿ ನನಗೆ ಎಲ್ಲಿಂದ ಬಂತೆಂಬುದನ್ನು ಮಾತ್ರ ಈವರೆಗೆ ಯಾವ ಗಿರಾಕಿಗೂ ಹೇಳಿಲ್ಲ.

ನರಗುಂದದಿಂದ ಬಂತು. ಅದು ನನ್ನ ಹೆಂಡತಿ ಶಾಂತಾಳ ತವರು. ಅವಳ ತಮ್ಮ ಬಸವರಾಜನ ಕಂಪ್ಯೂಟರಿನಲ್ಲಿ ಅವರ ತಾಯಿ ಹಾಡಿದ ಬೀಸುಕಲ್ಲಿನ ಪದಗಳಿದ್ದವು. ಮುದುಕಿ ತೀರುವ ಮೊದಲು ಎದುರು ಕೂಡ್ರಿಸಿಕೊಂಡು ಅವನೇ ಧ್ವನಿ ಹಿಡಿದಿದ್ದ. ಅವಕ್ಕೊಂದು ಭಾಗ ಬೇರೆ ಮಾಡಿಕೊಡಲು ನನ್ನನ್ನು ಕರೆದ.

"ಮಾವಾರ, ಮೊದಲ ಕಾಪಿ ಮಾಡ್ಕೋರಿ. ಅವ್ವನ ಪದಾ ಅದಾವ ಅದರಾಗ."

"ನಾ ಎಷ್ಟ ಡಿಸ್ಕ್ ಹರದ ಹಂಚೀನಿ ಗೊತ್ತೈತೇನ? ನೀ ಚಾ ತರಸು."

ಕರೆಂಟಿನ ಬಗ್ಗೆ ನನಗೆ ಭರವಸೆ ಇತ್ತು. ಬರುವ ದಾರಿಯಲ್ಲೇ ಲೈನ್‌ಮನ್ನನನ್ನು ಕೇಳಿಕೊಂಡು ಬಂದಿದ್ದೆ. ಸಂಜಿ ತನಕ ತೆಗಿಯೂದಿಲ್ರಿ ಅಂದಿದ್ದ. ನಮ್ಮ ಕಡೆ ಮದುವೆ ಮುಹೂರ್ತವನ್ನು ಅಯ್ಯನವರು ಹೇಳಿದರೂ ಮಿಕ್ಸರ್ ಹಚ್ಚುವ ಮುಹೂರ್ತ ಲೈನ್‌ಮನ್ನನದೇ. ಚಹಾ ಬರುವ ಮೊದಲು ಕರೆಂಟ್ ಹೋಯಿತು. ಅರ್ಧ ಹರಿದ ಡಿಸ್ಕು ಹಾಗೇ ಸತ್ತಿತು. ಮೂರು ದಿನ ಕೂತರೂ ಒಂದು ಪದವೂ ಮರಳಿ ಬರಲಿಲ್ಲ. ಆಗ 'ತಪ್ಪಾತು' ಅನ್ನಬಹುದಿತ್ತು. ಅಂಗಡಿಯಲ್ಲಿ ಒಂದು ಮಾತೂ ಸೋಲದೆ ಬೆಳೆದ ನಾಲಗೆ ನನ್ನದು. ಲೈನ್‌ಮನ್ನನನ್ನು ಬೈದು ಎದ್ದು ಬಂದೆ.

ಆ ವರ್ಷದಿಂದ ಪಂಚಮಿಗೆ ಅಕ್ಕನನ್ನು ಕರೆಯಲು ಬಸವರಾಜ ನಮ್ಮ ಹೊಸ್ತಿಲು ತುಳಿಯಲಿಲ್ಲ. ಕರೆಯಲು ಬಾರದ ತವರಿಗೆ ಶಾಂತಾ ತಾನಾಗಿ ಹೋಗಲಿಲ್ಲ. ನನ್ನನ್ನು ಒಂದು ಮಾತು ಅನ್ನಲೂ ಇಲ್ಲ. ಅನ್ನದಿದ್ದದ್ದನ್ನು ನಾನು ಲಾಭವೆಂದು ತಿಳಿದೆ.

ಶಾಂತಾ ರೋಣದ ತಹಶೀಲ್ದಾರ ಕಚೇರಿ ಎದುರು ಕೂತು ಜನರ ಅರ್ಜಿ ಟೈಪ್ ಮಾಡುತ್ತಿದ್ದಳು. ಲ್ಯಾಪ್‌ಟಾಪ್ ನನ್ನ ಅಂಗಡಿಯದೇ, ಏಳುವುದಕ್ಕೆ ಭಾಳ ಹೊತ್ತು ತೆಗೆದುಕೊಳ್ಳುವಂಥದ್ದು. ಅದಕ್ಕೂ ನಾನೊಂದು ಬುದ್ಧಿ ಹೇಳಿದ್ದೆ: ಬಂದ್ ಮಾಡಬ್ಯಾಡ, ಬರೇ ಮುಚ್ಚಿಡು. ಹಾಗೆ ಮುಚ್ಚಿದರೆ ತೆರೆಯ ಮೇಲೆ ಏನೇನು ತೆರೆದಿತ್ತೋ ಅದೆಲ್ಲವನ್ನೂ ಯಂತ್ರ ಒಂದು ದೊಡ್ಡ ಕಡತದಲ್ಲಿ ಬರೆದಿಟ್ಟುಕೊಂಡು ಮಲಗುತ್ತದೆ. ವರ್ಷ ಕಳೆದು ಎಬ್ಬಿಸಿದರೂ ಬಿಟ್ಟಲ್ಲಿಂದಲೇ ಏಳುತ್ತದೆ. ಮನುಷ್ಯರಿಗೆ ಇಲ್ಲದ ಸೌಲಭ್ಯ. ಹೋದ ವರ್ಷ ಪಂಚಮಿ ಎಂಟು ದಿನವಿದೆ ಎನ್ನುವಾಗ ಶಾಂತಾಳಿಗೆ ಜ್ವರ ಬಂತು. ದವಾಖಾನಿಯಲ್ಲಿ ಮೂರು ದಿನ, ಅಷ್ಟೇ. ಮಣ್ಣು ಕೊಡಲು ಬಂದ ಬಸವರಾಜ ದೂರ ನಿಂತು, ನೀರೂ ಕುಡಿಯದೆ ಹೋದ.

ಈಗ ಮಗಳು ವಿದ್ಯಾ ಅವ್ವನ ಜಾಗದಲ್ಲಿ ಕೂಡ್ರುತ್ತಾಳೆ. ಮೊನ್ನೆ, ಈ ವರ್ಷದ ಪಂಚಮಿ ಮುಗಿದ ಮೇಲೆ, ಅವ್ವ ಹೋದಾಗಿನಿಂದ ಮುಚ್ಚಿಯೇ ಇಟ್ಟಿದ್ದ ಆ ಲ್ಯಾಪ್‌ಟಾಪ್ ತಂದು ನನ್ನ ಮುಂದೆ ಇಟ್ಟಳು.

"ಅಪ್ಪಾ, ಅವ್ವನ ಭಾಗ ಹಂಗ ಇರ್ಲಿ. ನಂಗ ಬಾಜೂಕ ಒಂದು ಬ್ಯಾರೆ ಮಾಡಿ ಕೊಡು. ಏನೂ ಹೋಗಬಾರದು ನೋಡು."

"ಹೋಗೂದಿಲ್ಲ ಬಿಡು."

"ಮಾಮಾಗೂ ಹಿಂಗ ಅಂದಿದ್ದೆಲಾ."

ಬ್ಯಾಟರಿ ತುಂಬಿಸಿದೆ. ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ ಒಂದೊಂದೇ ತೆರೆದು ನೋಡಿದೆ. ಆಮೇಲೆ ಜಾಗ ಕುಗ್ಗಿಸಲು ಹೋದರೆ ಯಂತ್ರ ಒಪ್ಪಲಿಲ್ಲ. ಅರ್ಧಕ್ಕಿಂತ ಹೆಚ್ಚು ಖಾಲಿ ಇದ್ದರೂ ನಡುವೆ ಒಂದು ಕಡತ ಅಲುಗದೆ ಕೂತಿತ್ತು. ಅದು ಆ ನಿದ್ದೆಯ ಕಡತವೇ. ಅದನ್ನು ಅಳಿಸಿ, ಯಂತ್ರವನ್ನು ಪೂರ್ತಿ ಬಂದ್ ಮಾಡಿ ಎಬ್ಬಿಸಿದರೇ ಜಾಗ ಬಿಡುವುದು. ಗಿರಾಕಿಯದಾಗಿದ್ದರೆ ಎರಡು ನಿಮಿಷದ ಕೆಲಸ. ಆದರೆ ತೆರೆಯ ಮೇಲೆ, ಉಳಿದ ಅರ್ಜಿಗಳ ಹಿಂದೆ, ಶಾಂತಾ ಅರ್ಧಕ್ಕೆ ಬಿಟ್ಟ ಕಾಗದ ತೆರೆದಿತ್ತು.

"ತಮ್ಮಾ ಬಸವರಾಜಗ. ಈ ಸಲ ಪಂಚಮಿಗೆ ನೀ ಕರಿಯಾಕ ಬರಬ್ಯಾಡ. ನಾನ ಬರತೇನಿ." ಅದರ ಕೆಳಗೆ ಕರ್ಸರ್ ಮಿಡಿಯುತ್ತಿತ್ತು.

ಕಾಗದವನ್ನು ಉಳಿಸಿಕೊಂಡೆ. ಆದರೆ ಉಳಿಸಿದರೆ ಉಳಿಯುವುದು ಬರೆದದ್ದು ಮಾತ್ರ. ಬರೆದು ಅಳಿಸಿದ್ದು ಯಂತ್ರ ಪೂರ್ತಿ ಬಂದ್ ಆಗದ ತನಕ ಅದರ ನೆನಪಿನಲ್ಲಿ ಇರುತ್ತದೆ, ಬಂದ್ ಮಾಡಿದೆವೋ, ಹೋಯಿತು. ಅಳಿಸಿದ್ದನ್ನು ಮರಳಿ ತರುವ ಗುಂಡಿ ಒತ್ತಲೋ ಬೇಡವೋ ಎಂದು ಮಧ್ಯಾಹ್ನದ ತನಕ ಕೂತೆ. ಹೆಂಡತಿ ಅಳಿಸಿದ್ದನ್ನು ಗಂಡ ಓದುವುದು ಅಷ್ಟು ಮರ್ಯಾದೆಯ ಕೆಲಸವಲ್ಲ. ಒತ್ತಿದೆ. ಒಂದು ಸಾಲು ಎದ್ದು ಬಂತು.

"ಇವರೂ ಬರತಾರ. ತಪ್ಪಾತು ಅಂತ ಅಂತಾರ."

ಅರ್ಜಿ ಬರೆಸುವವರು ಬಾಯಿ ಬಿಟ್ಟು ಹೇಳದ ಮಾತನ್ನು ಶಾಂತಾ ಎಂದೂ ಟೈಪ್ ಮಾಡಿದವಳಲ್ಲ. ನನ್ನ ಪರವಾಗಿ ಒಂದು ಮಾತು ಬರೆದಳು. ನಾನು ಅದನ್ನು ಹೇಳಿಲ್ಲವೆಂಬುದು ನೆನಪಾಗಿ ಅಳಿಸಿದಳು.

ಯಂತ್ರವನ್ನು ಚಾರ್ಜಿಗೆ ಹಚ್ಚಿ, ಮುಟ್ಟಬ್ಯಾಡೆಂದು ವಿದ್ಯಾಳಿಗೆ ಹೇಳಿ, ರೋಣದ ಮೇಲೆ ಹಾಯ್ದು ನರಗುಂದದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಮಾತು ಹೊಂದಿಸಿದೆ. ಲೈನ್‌ಮನ್ ಒಂದೆರಡು ಸಲ ಅದರೊಳಗೆ ನುಸುಳಿದ, ಹೊರಗೆ ಹಾಕಿದೆ.

ಬಸವರಾಜ ಬಾಗಿಲಲ್ಲೇ ಇದ್ದ. ನಿಂತಲ್ಲೇ ಹೇಳಿದೆ.

"ತಪ್ಪಾತು ಬಸೂ. ಕಾಪಿ ಮಾಡ್ಕೋಬೇಕಿತ್ತು. ನನ್ನ ಸೊಕ್ಕು."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡೇ ಕೇಳಿದ. "ಇಷ್ಟು ಹೇಳಾಕ ಅಕ್ಕ ಇಲ್ದಂಗ ಆಗಬೇಕಾಗಿತ್ತೇನ್ರಿ ಮಾವಾರ?"

ಅವನು ಒಳಗೆ ಹೋದ. ಬರುವುದಿಲ್ಲವೆಂದುಕೊಂಡು ನಾನು ಹೊರಳುವಾಗ ಒಂದು ಡಬ್ಬಿ ಹಿಡಿದು ಬಂದ. ಪಂಚಮಿಯ ಉಂಡಿ.

"ಪ್ರತಿ ವರ್ಷ ಆಕಿ ಪಾಲು ತಗದ ಇಡತಿದ್ವಿ. ಒಯ್ಯಾವ್ರು ಯಾರೂ ಇರ್ತಿದ್ದಿಲ್ಲ. ಈ ವರ್ಷ ಮನ್ಯಾಕಿ ರೂಢಿಗೆ ಬಿದ್ದು ಮತ್ತ ತಗದಾಳ. ವಿದ್ಯಾಗ ಕೊಡ್ರಿ."

ಕ್ಷಮಿಸಿದೆ ಅಂತ ಅವನು ಅನ್ನಲಿಲ್ಲ. ನಾನೂ ಎಳೆದಾಡಲಿಲ್ಲ, ಕೊಟ್ಟಷ್ಟು ತೆಗೆದುಕೊಂಡೆ. ಬಸ್ಸಿನಲ್ಲಿ ಜಾಗ ಇರಲಿಲ್ಲ. ಡಬ್ಬಿಯನ್ನು ಎದೆಗೆ ಅವಚಿಕೊಂಡು ಗಜೇಂದ್ರಗಡದ ತನಕ ನಿಂತೇ ಬಂದೆ.